ಪಾದರಕ್ಷೆ ಇಲ್ಲೇ ಬಿಡಿ

ನಮ್ಮೂರ ದೇವರಕಾನಿಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವವರಲ್ಲ. ಆ ಕಾಡಿನೊಳಗಿನ ವೀರಗಲ್ಲುಗಳನ್ನು ತೋರಿಸಲು ಪ್ರವಾಸಿಗರನ್ನು ಕರೆಸೋಣವೆಂದು ಊರವರು ಸಮಿತಿ ಮಾಡಿಕೊಂಡಾಗ, "ಪಾದರಕ್ಷೆ ಇಲ್ಲೇ ಬಿಡಿ" ಎಂದು ಫಲಕ ಬರೆದವನು ನಾನೇ.

ಮೊದಲ ತಂಡ ಬರುವ ದಿನ ಬೆಳಿಗ್ಗೆ, ದಾರಿ ಗುಡಿಸಲು ಹೋಗಿದ್ದ ನಮ್ಮತ್ತಿಗೆ ಪೊರಕೆಯನ್ನು ಅಲ್ಲೇ ಬಿಟ್ಟು ವಾಪಸು ಬಂದರು.

"ಕಲ್ಲಿನ ಹತ್ರ ಮಂಗ ಸತ್ತು ಬಿದ್ದೈತೆ. ಇವತ್ತು ಯಾರೂ ಒಳಗೆ ಹೋಗೋದು ಬ್ಯಾಡ."

ನಮ್ಮ ಸೊರಬದ ಕಡೆ ಇದಕ್ಕೆ ವಿವರಣೆ ಬೇಕಿಲ್ಲ. ಸತ್ತ ಮಂಗನ ಮೈಯಿಂದ ಇಳಿದ ಉಣುಗು, ರಕ್ತ ಹೀರುವ ಸಣ್ಣ ಹುಳ, ತರಗೆಲೆಯಲ್ಲಿ ಕಾದಿರುತ್ತದೆ. ಅದು ಕಚ್ಚಿದರೆ ಮಂಗನ ಕಾಯಿಲೆ.

ಸಮಿತಿಯ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಬಸ್ಸು ಆಗ್ಲೇ ಶಿರಾಳಕೊಪ್ಪ ದಾಟೈತಂತ್ರೀ. ಮಂಗನ್ನ ಹೂತುಬಿಡ್ರಿ, ಸುದ್ದಿ ಮಾಡಬ್ಯಾಡ್ರಿ."

ಹೊಸ ಫಲಕದ ಜಂಬ ನನಗೂ ಇತ್ತು. ಬಾಯಿ ಮುಚ್ಚಿಕೊಂಡಿದ್ದೆ.

ಬಂದವರು ಫಲಕ ಓದಿದರು. ಇಂಥ ಸಂಪ್ರದಾಯ ಇನ್ನೂ ಉಳಿಸಿಕೊಂಡಿದ್ದೀರಲ್ಲ ಎಂದು ಮೆಚ್ಚಿಕೊಂಡು, ಶೂ, ಸಾಕ್ಸು ಕಳಚಿ ಸಾಲಾಗಿ ಇಟ್ಟು ಬರಿಗಾಲಲ್ಲಿ ಒಳಗೆ ಹೋದರು. ಗುಡಿಸದ ತರಗೆಲೆ ಅವರ ಕಾಲಡಿ ಸದ್ದು ಮಾಡುವುದು ಕೇಳುತ್ತಿತ್ತು. ನಾನು ಚಪ್ಪಲಿ ಕಾಯುವವನ ಹಾಗೆ ಹೊರಗೇ ನಿಂತೆ.

ಒಂದು ಗಂಟೆಯ ನಂತರ ಮೊದಲು ಹೊರಬಂದ ಹೆಂಗಸೊಬ್ಬರು ನನ್ನ ಫಲಕಕ್ಕೆ ಕೈಯೂರಿ, ಹಿಮ್ಮಡಿ ಎತ್ತಿ ತೋರಿಸಿದರು.

"ನೋಡ್ರೀ, ಎಳ್ಳಿನಂಥದ್ದೇನೋ ಅಂಟಿದೆ. ಉಜ್ಜಿದರೂ ಬಿಡ್ತಿಲ್ಲ."