ಮೋಹನಾಚಾರಿ ಎಸೆಯದ ಕಸ

ಅದು ತೊಂಬತ್ತೇಳನೇ ಇಸವಿ. ಅರಕೆರೆಯ ನಮ್ಮ ಮನೆಯಲ್ಲಿ ಮೂರು ಹಸು, ಒಂದು ಎಮ್ಮೆ, ಅವುಗಳ ಚಾಕರಿಯ ನಡುವೆ ಪತ್ರಿಕೆಗಳಿಗೆ ಲೇಖನ ಬರೆಯುವ ನಾನು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಯಜಮಾನರು ಗದ್ದೆ ಕಡೆ ಹೊರಟ ಮೇಲೆ ಬರೆಯಲು ಕೂರುತ್ತಿದ್ದೆ. ಹತ್ತು ಕಳಿಸಿದರೆ ಎರಡು ಅಚ್ಚಾಗುತ್ತಿದ್ದವು. ಅಷ್ಟಕ್ಕೇ ನನಗೆ ಕೊಂಬು ಮೂಡಿತ್ತು.

ಆ ವರ್ಷ ಪತ್ರಿಕೆಯೊಂದರಿಂದ ಕಾರ್ಡು ಬಂತು. ನನ್ನ ಕೈಬರಹ ಓದಲಾಗುತ್ತಿಲ್ಲ, ಇನ್ನು ಮುಂದೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಕಳಿಸಿ ಎಂದು ಬರೆದಿದ್ದರು.

"ಕೋಳಿ ಕೆದರ್ದಂಗದೆ ಅಂತ ನಾನ್ ಯೋಳಿದ್ರೆ ಸಿಟ್ಟು ಮಾಡ್ಕತಿದ್ದಲ್ಲ, ಈಗ ಅವ್ರೂ ಅದ್ನೇ ಅಂದವ್ರೆ ನೋಡು" ಎಂದು ಯಜಮಾನರು ನಕ್ಕರು.

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ 'ಡಿ.ಟಿ.ಪಿ.' ಎಂದು ಬೋರ್ಡು ಹಾಕಿದ ಒಂದೇ ಕೋಣೆಯ ಅಂಗಡಿ ಇತ್ತು. ಕೋಣೆಯ ಒಂದು ಕಡೆ ಅಕ್ಕಸಾಲಿ ಪುಟ್ಟಾಚಾರ್ರು ಬೆಂಕಿ ಮುಂದೆ ಕೂತು ಓಲೆ ಬೆಸೆಯುತ್ತಿದ್ದರು. ಅಡ್ಡ ಕಟ್ಟಿದ ಬಟ್ಟೆಯ ಈಚೆ ಅವರ ಮಗ ಮೋಹನಾಚಾರಿ ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದ. ನಾನು ಮೊದಲು ಹೋದ ದಿನ ಪುಟ್ಟಾಚಾರ್ರು ನೆಲದ ಧೂಳನ್ನು ಪುಟ್ಟ ಬ್ರಷ್ಷಿನಲ್ಲಿ ಗುಡಿಸಿ ಒಂದು ಡಬ್ಬಕ್ಕೆ ತುಂಬುತ್ತಿದ್ದರು. ಕಸವನ್ನೂ ಹೀಗೆ ಕಾಪಾಡುವವರನ್ನು ನಾನು ನೋಡಿರಲಿಲ್ಲ ಎಂದು ತಮಾಷೆ ಮಾಡಿದೆ. ಅವರು ಸುಮ್ಮನೆ ನಕ್ಕರು.

ನಾನು ತಂದಿದ್ದ ಲೇಖನ ದನಗಳ ಮನೆಮದ್ದಿನ ಬಗ್ಗೆ. ಅದರ ಸರಕೆಲ್ಲ ನನ್ನ ಅವ್ವನದು. ಅವ್ವ ಕಿರಂಗೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಓದು ಬರಹ ಬಾರದಿದ್ದರೂ ಹಸುವಿನ ಕಿವಿ ಮುಟ್ಟಿ ಜ್ವರ ಹೇಳುತ್ತಿದ್ದಳು. ಎರಡು ಮಧ್ಯಾಹ್ನ ಅವಳ ಎದುರು ಕೂತು ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಂಡೆ. ಯಾವುದು ಬೇಕು, ಯಾವುದು ಬೇಡ ಎಂದು ಕೇಳುತ್ತಲೇ ಆರಿಸಲು ನನಗೆ ಬರುತ್ತಿರಲಿಲ್ಲ. ಹೊಟ್ಟೆ ಉಬ್ಬರಕ್ಕೆ ಓಮ, ಇಂಗು ಎಂದು ಶುರು ಮಾಡಿದರೆ ಅವ್ವನ ಮಾತು ತಿರುಗಿ ಕೆಂದಿಯ ಬಳಿಗೇ ಬರುತ್ತಿತ್ತು. ಕೆಂದಿ ಎಂದರೆ ಮದುವೆಯಾದಾಗ ಅವ್ವ ತವರಿನಿಂದ ಹೊಡೆದುಕೊಂಡು ಬಂದ ಕೆಂಪು ಹಸು.

ನನ್ನ ಅಕ್ಷರ ಮೋಹನನಿಗೂ ಹತ್ತಲಿಲ್ಲ. ಹಾಗಾಗಿ ನಾನು ಗಟ್ಟಿಯಾಗಿ ಓದಿದೆ, ಅವನು ಟೈಪ್ ಮಾಡಿದ. ಪ್ರಿಂಟು ತೆಗೆಸಿ ಪೋಸ್ಟ್ ಮಾಡಿದೆ. ಹದಿನೈದು ದಿನಕ್ಕೆ ಇನ್ನೊಂದು ಕಾರ್ಡು ಬಂತು. ಮದ್ದುಗಳು ಉಪಯುಕ್ತವಾಗಿವೆ, ಮನೆಯವರ ಮಾತುಕತೆ ತೆಗೆದು ಅರ್ಧಕ್ಕೆ ಇಳಿಸಿ ಕಳಿಸಿ ಎಂದಿತ್ತು.

ಮತ್ತೆ ಬಸ್ಸು ಹತ್ತಿ ಬಂದೆ. ಮೋಹನ ಕಾರ್ಡು ಓದಿ ತಲೆ ಕೆರೆದುಕೊಂಡ.

"ಅಕ್ಕ, ಅವ್ವನ ಮಾತೇ ಚೆಂದಾಗದೆ. ಅದ್ನೇ ತೆಗುದ್ರೆ ಏನ್ ಉಳೀತದೆ?"

"ಅವ್ವನ ಮಾತು ಯಾರಿಗ್ ಬೇಕಪ್ಪ? ಮದ್ದು ಉಳೀಲಿ ಸಾಕು. ಅಳಿಸ್ಬುಡು" ಎಂದೆ.

ಕಂಪ್ಯೂಟರಿನ ಪರದೆಯ ಮೇಲೆ ಅವ್ವನ ಮಾತುಗಳು ಸಾಲುಸಾಲಾಗಿ ಕಪ್ಪಾದವು. ಮೋಹನ ಒಂದು ಗುಂಡಿ ಒತ್ತಿದ, ಮಾಯವಾದವು. ಕೈಯಲ್ಲಿ ಬರೆದಿದ್ದರೆ ಇಡೀ ಲೇಖನ ಮತ್ತೆ ಬರೆಯಬೇಕಿತ್ತಲ್ಲ, ಎಂಥ ಅನುಕೂಲ ಎಂದು ನನಗೆ ಖುಷಿಯಾಯಿತು. ಆ ಖುಷಿ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಲೇಖನ ಅಚ್ಚಾಯಿತು. ಅಚ್ಚಾದ ಮೇಲೆ ಕೈಬರಹವನ್ನು ಹಂಡೆ ಒಲೆಗೆ ಹಾಕುವುದು ನನ್ನ ರೂಢಿ. ಹಾಕಿದೆ. ಪತ್ರಿಕೆ ಹಿಡಿದುಕೊಂಡು ಕಿರಂಗೂರಿಗೆ ಹೋದಾಗ ಅವ್ವ ಕೊಟ್ಟಿಗೆಯಲ್ಲಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಹಾಳೆಯ ಮೇಲೆ ಬೆರಳಾಡಿಸುತ್ತಾ ಕೇಳಿದಳು:

"ನನ್ ಕೆಂದಿ ಬಂದವ್ಳೇನವ್ವ ಇದ್ರಲ್ಲಿ?"

ನಾನು "ಬಂದವ್ಳೆ ಕಣವ್ವ" ಅಂದುಬಿಟ್ಟೆ.

ಅವ್ವ ಪತ್ರಿಕೆಯನ್ನು ತನ್ನ ಮದುವೆ ಸೀರೆಯೊಳಗೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವ್ವ ಹೋದಳು. ಒಂದು ದಿನವೂ ಮಲಗಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಹನ್ನೊಂದನೇ ದಿನದ ತಿಥಿಗೆ ನೆಂಟರೆಲ್ಲ ಸೇರಿದ್ದರು. ಊಟವಾದ ಮೇಲೆ ಅಣ್ಣ ಪೆಟ್ಟಿಗೆಯಿಂದ ಪತ್ರಿಕೆ ತಂದು ನನ್ನ ಕೈಗಿತ್ತ.

"ಓದವ್ವ, ಎಲ್ರೂ ಕೇಳ್ಲಿ. 'ನನ್ ಕೆಂದಿ ಪೇಪರ್ನಾಗೆ ಬಂದವ್ಳೆ' ಅಂತ ಅವ್ವ ಊರೆಲ್ಲ ಯೋಳ್ಕಂಡು ಬಂದಿದ್ಳು."

ಓದಿದೆ. ಉಬ್ಬರಕ್ಕೆ ಓಮ ಬಂತು, ಇಂಗು ಬಂತು, ಕೆಚ್ಚಲು ಬಾವಿಗೆ ಅರಿಶಿನ ಬಂತು. ಕೊನೆಯ ಸಾಲೂ ಮುಗಿಯಿತು. ಅಣ್ಣ ಬಗ್ಗಿ ಹಾಳೆ ನೋಡಿದ.

"ಕೆಂದಿ ಎಲ್ಲವ್ವ?" ಎಂದ.

ನಾನು ಪತ್ರಿಕೆ ಮಡಚಿಕೊಂಡು ಎದ್ದೆ. ಸಾಯುವವರೆಗೆ ಅವ್ವ ನಂಬಿದ್ದ ಸುಳ್ಳು ನನ್ನ ಕೈಯಲ್ಲೇ ಇತ್ತು.

ಮಾರನೆಯ ದಿನ ಪಟ್ಟಣಕ್ಕೆ, ಮೋಹನನ ಅಂಗಡಿಗೆ ಓಡಿದೆ. ಕೈಬರಹ ಬೂದಿಯಾಗಿತ್ತು, ಮೊದಲು ಕಳಿಸಿದ ಪ್ರತಿಯನ್ನು ಪತ್ರಿಕೆಯವರು ವಾಪಸು ಕಳಿಸಿರಲಿಲ್ಲ. ಅಳಿಸು ಎಂದು ಬಾಯಾರೆ ಹೇಳಿದವಳು ಈಗ ಯಾವ ಮುಖ ಹೊತ್ತು ಕೇಳಲಿ? ಆದರೂ ಕೇಳಿದೆ. ಕೇಳುತ್ತಾ ಕೇಳುತ್ತಾ ಅಂಗಡಿಯಲ್ಲೇ ಅತ್ತುಬಿಟ್ಟೆ.

ಪುಟ್ಟಾಚಾರ್ರು ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

"ಅಳ್ಬ್ಯಾಡ ಕಣವ್ವ. ನಾವು ಚಿನ್ನದ ಕೆಲ್ಸದೋರು. ಅಂಗಡಿ ಕಸಾವ ಬೀದಿಗೆಸೆಯಾಕಿಲ್ಲ, ಕೈ ತೊಳ್ದ ನೀರ್ನೂ ಚೆಲ್ಲಾಕಿಲ್ಲ. ಯಾವ ಧೂಳ್ನಾಗೆ ಯಾರ್ ಒಡವೆ ಚೂರು ಸೇರ್ಕಂಡದೋ. ಇವ್ನೂ ಆ ಮನೇಲೇ ಉಟ್ಟಿರೋನು."

ಮೋಹನ ಮೇಜಿನ ಕೆಳಗಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತೆಗೆದ. ಒಳಗೆ ಫ್ಲಾಪಿಗಳು. ಒಂದರ ಮೇಲೆ 'ಕಸ' ಎಂದು ಬರೆದ ಚೀಟಿ ಇತ್ತು. ಗಿರಾಕಿಗಳು ಅಳಿಸು ಎಂದದ್ದನ್ನೆಲ್ಲ, ಅಳಿಸುವ ಮೊದಲು ಅದರಲ್ಲಿ ಒಂದು ಪ್ರತಿ ಹಾಕಿಟ್ಟುಕೊಳ್ಳುತ್ತಿದ್ದನಂತೆ.

"ನೀವು ಅಳಿಸು ಅಂದ್ರಿ, ನಿಮ್ ಮುಂದೆ ಅಳಿಸ್ದೆ. ಇದು ನಮ್ಮ ಪದ್ಧತಿ, ಬೇಜಾರ್ ಮಾಡ್ಕಬ್ಯಾಡಿ ಅಕ್ಕ" ಎಂದ, ತಪ್ಪು ಮಾಡಿದವನ ಹಾಗೆ.

ಫ್ಲಾಪಿ ಕಟಕಟ ಸದ್ದು ಮಾಡಿತು. ಆಮೇಲೆ ಪ್ರಿಂಟರಿನಿಂದ ಅವ್ವ ಒಂದೊಂದೇ ಸಾಲಾಗಿ ಹೊರಗೆ ಬಂದಳು.

ಬಸ್ಸಿಗೂ ಕಾಯದೆ ಕಿರಂಗೂರಿಗೆ ನಡೆದೇ ಹೋದೆ. ಕೊಟ್ಟಿಗೆಯ ಕಟ್ಟೆ ಮೇಲೆ ಅಣ್ಣನನ್ನು ಕೂರಿಸಿಕೊಂಡು ಮೊದಲು ನನ್ನ ಸುಳ್ಳು ಒಪ್ಪಿಕೊಂಡೆ. ಆಮೇಲೆ ಓದಿದೆ.

"ಒಸದಾಗಿ ಬಂದಾಗ ಈ ಮನೇಲಿ ನನ್ ತಾವ ಮಾತಾಡೋರೇ ಇರ್ನಿಲ್ಲ ಕಣವ್ವ. ನಿಮ್ಮಪ್ಪನ ತಾವ ಆಡ್ಬೇಕಾದ್ದನ್ನೆಲ್ಲ ಕೆಂದಿ ತಾವ ಆಡ್ತಿದ್ದೆ. ಅದ್ರ ಕತ್ತು ತಬ್ಕಂಡು ಅತ್ರೆ ಅಲ್ಲಾಡ್ದೆ ನಿಂತ್ಕತಿತ್ತು. ನೀನ್ ಒಟ್ಟೇಲಿರೋದ್ನ ಮೊದ್ಲು ಯೋಳಿದ್ದೂ ಅದ್ಕೇಯ..."

ಅಣ್ಣ ಪಂಚೆಯಲ್ಲಿ ಕಣ್ಣೊರೆಸಿಕೊಂಡ. ನಾನು ಕೊನೆಯ ಹಾಳೆಗೆ ಬಂದೆ. ಅವ್ವ ಆಡಿದ್ದನ್ನೆಲ್ಲ ನಾನು ಬರೆದಿದ್ದೆ, ನಾನು ಓದಿದ್ದನ್ನೆಲ್ಲ ಮೋಹನ ಟೈಪ್ ಮಾಡಿದ್ದ. ಅದರಲ್ಲಿ ನನಗೆ ನೆನಪೇ ಇರದ ಒಂದು ಸಾಲು ಕೊನೆಯಲ್ಲಿತ್ತು:

"ಎಷ್ಟೊತ್ನಿಂದ ಬರೀತಾ ಇದ್ದೀಯೆ, ಕೈ ನೋಯ್ತದೆ ಬುಡವ್ವ. ನಾಳೀಕೆ ಬಾ, ಮಿಕ್ಕಿದ್ದ ಯೋಳ್ತೀನಿ."

ಇದಾಗಿ ಬಹಳ ವರ್ಷವಾಯಿತು. ಈಗ ನಾನು ಫೋನಿನಲ್ಲೇ ಬರೆಯುತ್ತೇನೆ. ಬರೆದದ್ದು ತನ್ನಷ್ಟಕ್ಕೆ ತಾನೇ ಉಳಿದುಕೊಳ್ಳುತ್ತದೆ, ಅಳಿಸಿದ್ದೂ ಹುಡುಕಿದರೆ ಸಿಗುತ್ತದೆ. ಅವ್ವನ ಆ ಹಾಳೆಗಳು ನನ್ನ ಪೆಟ್ಟಿಗೆಯಲ್ಲಿ ಸೀರೆಯೊಳಗಿವೆ. ತೆಗೆದು ಓದಿದಾಗಲೆಲ್ಲ ಕೊನೆಯ ಸಾಲಿಗೆ ಬಂದು ನಿಲ್ಲುತ್ತೇನೆ. ಅವಳು ಬಾ ಎಂದ ಆ ನಾಳೆ ನಾನು ಹೋಗಿರಲಿಲ್ಲ. ಲೇಖನಕ್ಕೆ ಬೇಕಾದಷ್ಟು ಮದ್ದು ಅಷ್ಟರಲ್ಲಿ ನನಗೆ ಸಿಕ್ಕಿತ್ತು.