ರೋಮಿನಲ್ಲಿ ಗಿರಿಜಾ ಟೀಚರ್ ನೋಡದೆ ಬಿಟ್ಟದ್ದು

ಗಿರಿಜಾ ಟೀಚರ್ ಮಕ್ಕಳ ತಲೆ ಎಣಿಸುತ್ತಿದ್ದುದು ಕನ್ನಡದಲ್ಲಿ. ವೆಲ್ಲಿಂಗ್ಟನ್ನಿನ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ಇತಿಹಾಸ ಹೇಳಿಕೊಟ್ಟ ಧಾರವಾಡದ ಹೆಂಗಸು. ಪಾಠವೆಲ್ಲ ಸ್ವಚ್ಛ ಇಂಗ್ಲಿಷಿನಲ್ಲಿ. ಬಸ್ಸು ಹತ್ತಿಸುವಾಗ ಮಾತ್ರ ತೋರುಬೆರಳು ಚಾಚಿ, "ಒಂದು, ಎರಡು, ಮೂರು..." ಎಂದು ಜೋರಾಗಿ ಶುರುಮಾಡುವರು. ಯಾಕೆಂದು ಒಮ್ಮೆ ಕೇಳಿದೆ.

"ಇಂಗ್ಲಿಷ್‌ನಾಗ ಎಣಿಸಿದ್ರ ನನಗ ನಂಬಿಕಿ ಬರಂಗಿಲ್ರೀ" ಅಂದರು.

ಅಷ್ಟು ವರ್ಷ ರೋಮಿನ ಪಾಠ ಮಾಡಿದವರು ರೋಮನ್ನು ನೋಡಿರಲಿಲ್ಲ. ಹೊರಡುವ ಹೊತ್ತಿಗೆ ಪ್ರತಿ ಸಲ ಏನೋ ಒಂದು: ಗಂಡನ ಕಾಯಿಲೆ, ಆಮೇಲೆ ಲಾಕ್‌ಡೌನ್. ಕೊನೆಗೆ ನಿವೃತ್ತಿಯ ಹಿಂದಿನ ವರ್ಷ ಹದಿನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೊರಟರು. ಜೊತೆಗೆ ಒಬ್ಬ ಪೋಷಕ ಬೇಕಿತ್ತು, ನಾನು ಹೋದೆ. ಗುಂಪಿನಲ್ಲಿ ನನ್ನ ಮಗಳು ಮೇಘಾಳೂ ಇದ್ದಳು. ವಿಮಾನ ಹತ್ತುವ ಮೊದಲೇ, "ಡ್ಯಾಡ್, ಪ್ಲೀಸ್, ಪ್ರಿಟೆಂಡ್ ಯು ಡೋಂಟ್ ನೋ ಮಿ" ಎಂದು ಎಚ್ಚರಿಸಿದ್ದಳು.

ಮೂರು ವಿಮಾನ ಬದಲಾಯಿಸಿ ರೋಮಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ದಕ್ಷಿಣ ಗೋಳಾರ್ಧದ ಚಳಿಗಾಲ ಬಿಟ್ಟು ಬಂದವರ ಮೇಲೆ ಇಲ್ಲಿನ ಜುಲೈ ಬಿಸಿಲು ಬಿತ್ತು. ಕಣ್ಣಲ್ಲಿ ಮರಳು ಹಾಕಿದಂತೆ ಉರಿ, ಕಾಲು ಬಾತು ಬೂಟು ಬಿಗಿಯಾಗಿತ್ತು. ಮಕ್ಕಳು ಹೋಟೆಲ್ ಹೋಟೆಲ್ ಎಂದು ಗೋಗರೆದರೂ ಟೀಚರ್ ಜಗ್ಗಲಿಲ್ಲ.

"ರೂಮಿಗೆ ಹೋದ್ರ ಹಾಸಿಗಿ ಕಾಣತಾವ. ಹಾಸಿಗಿ ಕಂಡ್ರ ಮುಗೀತು. ಹೊತ್ತು ಮುಳುಗೂ ತನಕ ಯಾರೂ ಮಲಗಂಗಿಲ್ಲ" ಎಂದು ನನಗೆ ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದರು.

ಚೌಕಗಳು, ಕಾರಂಜಿಗಳು, ಮುರಿದ ಕಂಬಗಳು. ಕಂಬಗಳ ನೆರಳಿಗೆ ಒರಗಿ ಮಕ್ಕಳು ನಿಂತಲ್ಲೇ ತೂಕಡಿಸುತ್ತಿದ್ದರು. ಮೊಣಕಾಲು ನೋವಿನ ಟೀಚರ್ ಮಾತ್ರ ಕುಂಟುತ್ತಲೇ ಎಲ್ಲರಿಗಿಂತ ಮುಂದೆ. ಎರಡು ಗಂಟೆಗೆ ಕೊಲೊಸಿಯಂ ಒಳಗೆ ಹೋಗಲು ಟಿಕೆಟ್ ಇತ್ತು. ಹೊತ್ತು ತಪ್ಪಿದರೆ ಬಿಡುವುದಿಲ್ಲ, ಮರುದಿನ ಬೆಳಿಗ್ಗೆಯೇ ನೇಪಲ್ಸಿಗೆ ರೈಲು.

ಕೊಲೊಸಿಯಂ ಬಾಗಿಲಲ್ಲಿ ಎಣಿಸಿದರು. ಹದಿಮೂರು. ಮತ್ತೆ ಎಣಿಸಿದರು. ಹದಿಮೂರೇ.

ಇಲ್ಲದವಳು ಮೇಘಾ. ಫೋನು ಮಾಡಿದರೆ ಸ್ವಿಚ್ ಆಫ್. ಅರ್ಧ ಗಂಟೆಯ ಹಿಂದೆ ಒಂದು ಚರ್ಚಿನೊಳಗೆ ತಂಪಿಗೆಂದು ಹೋಗಿದ್ದೆವು. ಅಲ್ಲಿಂದ ಹೊರಟಾಗ ಎಣಿಸಿರಲಿಲ್ಲ. ನಾನು ಆಗಲೇ ಓಡಲು ತಿರುಗಿದ್ದೆ. ಟೀಚರ್ ತೋಳು ಹಿಡಿದರು.

"ನೀವು ಹೋಗಬ್ಯಾಡ್ರಿ. ಅಪ್ಪ ಇದ್ದೀರಿ, ಅಂಜೀರಿ. ಸಿಕ್ಕ ಕೂಡ್ಲೆ ಬೈತೀರಿ. ಎಣಿಸೋದು ನನ್ನ ಕೆಲಸಾಗಿತ್ತು, ನಾ ಮರತೆ. ನಾ ಹೋಗ್ತೀನಿ."

"ಟೀಚರ್, ಇಷ್ಟು ವರ್ಷ ಕಾದು..."

"ಇವರನ್ನ ಒಳಗ ಕರಕೊಂಡು ಹೋಗ್ರಿ" ಎಂದು ತಮ್ಮ ಟಿಪ್ಪಣಿ ಪುಸ್ತಕವನ್ನು ನನ್ನ ಕೈಗಿಟ್ಟು, ಬಂದ ದಾರಿಯಲ್ಲೇ ಕುಂಟುತ್ತ ಹೋದರು.

ಒಳಗೆ ನಾನು ಆ ಟಿಪ್ಪಣಿ ಓದಿ ಹೇಳಿದೆ. ಏನು ಓದಿದೆನೋ ದೇವರಿಗೇ ಗೊತ್ತು. ಹೊರಗೆ ಬರುವಾಗ ಫೋನು ನಡುಗಿತು: "ಸಿಕ್ಕಾಳ. ಬೆಂಚಿನ ಮ್ಯಾಲೆ ಮಲಗ್ಯಾಳ. ಎಬ್ಬಸಂಗಿಲ್ಲ." ಕಳಿಸಿ ಒಂದು ಗಂಟೆಯಾಗಿತ್ತಂತೆ, ಚರ್ಚಿನ ದಪ್ಪ ಗೋಡೆಯೊಳಗೆ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು.

ಹೋಗಿ ನೋಡಿದರೆ ಮೇಘಾ ಅವರ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆಹೋಗಿದ್ದಳು. ಟೀಚರ್ ಬಾತ ಕಾಲನ್ನು ಮುಂದಿನ ಬೆಂಚಿನ ಕೆಳಗೆ ಚಾಚಿ, ಅಲ್ಲಾಡದೆ ಕೂತಿದ್ದರು. ಬೈಯಬೇಕೆಂದು ಬಂದವನು ಪಕ್ಕದ ಬೆಂಚಿನಲ್ಲಿ ಕೂತೆ. ಮಗಳು ಎದ್ದವಳು ನನ್ನನ್ನು ನೋಡಿ, ನಾಚಿಕೆ ಬಿಟ್ಟು, ಎಲ್ಲರೆದುರು ತಬ್ಬಿಕೊಂಡಳು.

ಎರಡು ವರ್ಷದ ಮೇಲೆ ವೆಲ್ಲಿಂಗ್ಟನ್ನಿನ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದೆ. ತುಂಬ ಸೊರಗಿದ್ದರು. ಮಾತಿನ ನಡುವೆ ಕೇಳಿದರು, "ಕೊಲೊಸಿಯಂ ಒಳಗ ಹೆಂಗಿತ್ರೀ? ನೀವು ಹೇಳೇ ಇಲ್ಲ."

ಏನಾದರೂ ವರ್ಣಿಸೋಣವೆಂದುಕೊಂಡೆ, ಬಿಟ್ಟೆ. "ನಿಜ ಹೇಳಬೇಕಂದ್ರೆ ಏನೂ ನೆನಪಿಲ್ಲ ಟೀಚರ್. ಫೋನನ್ನೇ ನೋಡ್ತಿದ್ದೆ."

ಕೆಮ್ಮು ಬರುವವರೆಗೆ ನಕ್ಕರು. "ಹಂಗಾರ ನಾವಿಬ್ರೂ ನೋಡಿಲ್ಲ ಬಿಡ್ರಿ."

ಮುಂದಿನ ಶನಿವಾರ, ಟೀಚರ್‌ಗೆ ಹೇಳಬೇಕಾದದ್ದಿದೆ ಎಂದು ಮೇಘಾ ತಾನು ಓದುತ್ತಿದ್ದ ಡನೀಡಿನ್ ಊರಿನಿಂದ ಬಂದಳು. ನಾವು ವಾರ್ಡು ತಲುಪಿದಾಗ ನರ್ಸ್ ಟೀಚರ್ ಮಲಗಿದ್ದ ಖಾಲಿ ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದಳು.