ಅರ್ಧ ನಿಮಿಷದ ತಂಗಳು

ಟಿವಿ ನಿಂತುಹೋದರೆ ಜನ ರಿಮೋಟಿನ ಬೆನ್ನಿಗೆ ತಟ್ಟುತ್ತಾರೆ, ಇಲ್ಲವೇ ಕೇಬಲ್ಲಿನವನಿಗೆ ಬೈಯುತ್ತಾರೆ. ನಮ್ಮ ಎದುರು ಮನೆಯ ಪುಟ್ಟಸ್ವಾಮಿ ಮೇಷ್ಟ್ರು ವಿಷಲ್ ಊದುತ್ತಿದ್ದರು. ಪಂಚೆ, ಬನೀನು, ಕೊರಳಲ್ಲಿ ಕಪ್ಪು ದಾರದ ವಿಷಲ್. ಪರದೆಯ ಮೇಲೆ ಆ ಗುಂಡನೆಯ ಚಕ್ರ ಸುತ್ತಲು ಶುರುವಾಯಿತೋ, ಮೇಷ್ಟ್ರು ಎದ್ದು ನಿಂತು ಕೆನ್ನೆ ಉಬ್ಬಿಸಿ ಇಡೀ ಬೀದಿಗೆ ಕೇಳುವಂತೆ ಊದುವರು. ಮೊದಲ ಸಲ ಕೇಳಿದಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ಬೆಚ್ಚಿಬಿದ್ದು ಗಿರಾಕಿಯ ಬ್ಲೌಸಿನ ಬಲತೋಳನ್ನು ಎಡಕ್ಕೆ ಹೊಲಿದುಬಿಟ್ಟೆ. ಯಾರಿಗೋ ಏನೋ ಆಯಿತೆಂದು ಚಪ್ಪಲಿಯನ್ನೂ ಮೆಟ್ಟದೆ ಓಡಿದರೆ, ಮೇಷ್ಟ್ರು ಟಿವಿಯ ಕಡೆ ಬೆರಳು ಚಾಚಿ ನಿಂತಿದ್ದರು.

"ನೋಡು ಗೀತಮ್ಮ, ನಿನ್ ವೈಫೈ ಆಟದ ಮಧ್ಯದಲ್ಲಿ ಕುಂತ್ಕಂಡ್ಬುಡ್ತು. ಯೋಳ್ದೆ ಕೇಳ್ದೆ ಕುಂತ್ಕಂಡ್ರೆ ಫೌಲ್ ಕಣವ್ವ!"

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ವೈಫೈ ಇದ್ದದ್ದು ನನ್ನ ಮನೆಯಲ್ಲೊಂದೇ. ಬ್ಲೌಸಿನ ಹೊಸ ಹೊಸ ಡಿಸೈನು ನೋಡಲೆಂದು ಹಾಕಿಸಿದ್ದೆ. ಮೇಷ್ಟ್ರ ಹೆಂಡತಿ ಲಲಿತಕ್ಕ ಬಂದು ಪಾಸ್‌ವರ್ಡ್ ಕೇಳಿದರು, ಕೊಟ್ಟೆ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಲಾಗುತ್ತದೆಯೇ? ಹೆಪ್ಪಿನ ಹಾಗೆಯೇ ಅದೂ ಮನೆಯಿಂದ ಮನೆಗೆ ಹೋಗಿ, ಕೊನೆಗೆ ಬೀದಿಯ ಫೋನುಗಳೆಲ್ಲ ನನ್ನ ಒಂದು ವೈಫೈ ಡಬ್ಬಿಯನ್ನೇ ಹೀರತೊಡಗಿದವು. ಹಾಗಾಗಿ ಆಟ ನಿಂತಾಗ ಮೇಷ್ಟ್ರು ಜಗಲಿಗೆ ಬಂದು ಇನ್ನೊಮ್ಮೆ ಊದುತ್ತಿದ್ದರು. "ಎಲ್ಲಾರೂವೆ ಫೋನ್ ಕೆಳಗಿಡ್ರಲಾ! ನೆಟ್ ಎಳೀಬ್ಯಾಡ್ರಿ!" ಬೀದಿಯ ಗಂಡಸರಲ್ಲಿ ಮುಕ್ಕಾಲು ಪಾಲು ಹೈಸ್ಕೂಲಿನಲ್ಲಿ ಅವರ ಕೈಲಿ ಡ್ರಿಲ್ ಮಾಡಿಸಿಕೊಂಡವರೇ. ಮೀಸೆ ನೆರೆತವರೂ ಮರುಮಾತಿಲ್ಲದೆ ಫೋನು ಕೆಳಗಿಡುತ್ತಿದ್ದರು.

ದಂಡಿಗನಹಳ್ಳಿ ಕಡೆಯಿಂದ ಬಂದು ಇಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು ಅವರು. ಟಿವಿಯ ರೋಗಕ್ಕೂ ಆಟದ ಮೈದಾನದ ಮದ್ದನ್ನೇ ಮಾಡುತ್ತಿದ್ದರು. "ಗಾಯ ಎಲ್ಲಾಗೈತೆ ಅಂತ ಮೊದ್ಲು ನೋಡ್ಬೇಕು, ಆಮೇಲೆ ಬಾಯ್ ಬಡ್ಕೋಬೇಕು" ಎನ್ನುವರು. ಫೋನಿನಲ್ಲಿ ನೆಟ್ ಬರುತ್ತಿದೆಯೇ? ಬರುತ್ತಿದ್ದರೆ ಗಾಯ ಟಿವಿಯದು. ಆ್ಯಪಿನಲ್ಲಿ ಬೇರೆ ಚಾನೆಲ್ ಓಡುತ್ತಿದೆಯೇ? ಓಡುತ್ತಿದ್ದರೆ ಗಾಯ ಆ ಚಾನೆಲಿನದು. ಯಾವುದೂ ತಿಳಿಯದಿದ್ದರೆ ಪ್ಲಗ್ ಕಿತ್ತು, ಅದಕ್ಕೆ ರೆಸ್ಟು. ರೆಸ್ಟಿನ ಹೊತ್ತಿನಲ್ಲಿ ಯಾರೂ ಮಾತಾಡಕೂಡದು. ಒಂದು ದಿನ ನಾನು ಹಿಟ್ಟಿನ ಮಿಲ್ಲಿಗೆ ಹೋಗಿ ಬರುವಷ್ಟರಲ್ಲಿ ನನ್ನ ಮನೆಗೇ ಬಂದು, ವೈಫೈ ಡಬ್ಬಿಯ ಬೆನ್ನು ಮುಟ್ಟಿ ನೋಡಿ, ಬಿಸಿಯಾಗಿದೆಯೆಂದು ಒದ್ದೆ ಟವೆಲ್ ಸುತ್ತಿಟ್ಟಿದ್ದರು. ನಾನು ಕಿಟಾರನೆ ಕಿರುಚಿದೆ.

"ಸಾ! ಅದ್ರಲ್ಲಿ ಕರೆಂಟೈತೆ ಸಾ!"

"ಉಳುಕಿದ್ ಕಾಲಿಗೆ ಒದ್ದೆ ಬಟ್ಟೆ ಕಟ್ಟಲ್ವೇನವ್ವ? ಜರ ಬಂದೈತೆ ಅದುಕ್ಕೆ, ಮುಟ್ ನೋಡು."

ಡಬ್ಬಿ ಅಲ್ಲಿಗೆ ಪ್ರಾಣ ಬಿಟ್ಟಿತು. ಮಾರನೆಯ ದಿನ ಮೇಷ್ಟ್ರೇ ಹಾಸನಕ್ಕೆ ಹೋಗಿ ಹೊಸದನ್ನು ತಂದರು. ಅದರ ಹತ್ತಿರ ನೀರಿನ ಚೊಂಬು ಹಿಡಿದು ಹೋದವರಿಗೆಲ್ಲ ಆಮೇಲೆ ಅವರೇ ಗದರುತ್ತಿದ್ದರು.

ಮುಗಿದ ಆಟವನ್ನು ಮಾತ್ರ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಏನಿದ್ದರೂ ಲೈವ್ ಆಗಬೇಕು. ಕಾರಣ ಕೇಳಿದರೆ, "ಮುಗ್ದೋಗಿರೋ ಆಟಕ್ಕೆ ಕೂಗಿದ್ರೆ ಯಾರಿಗ್ ಕೇಳ್ಸುತ್ತವ್ವ?" ಎನ್ನುತ್ತಿದ್ದರು. ಲೈವ್ ಆದರೆ ಕೇಳಿಸುತ್ತದೆ ಎಂದು ಅವರಿಗೆ ಅರ್ಧ ನಂಬಿಕೆ ಇತ್ತೆಂದೇ ನನಗೆ ಅನ್ನಿಸುತ್ತದೆ. ಕುರ್ಚಿಯ ತುದಿಗೆ ಜಾರಿ, ಪರದೆಯಲ್ಲಿದ್ದವರಿಗೆ ಎಡ ಬಲ ಹೇಳಿಕೊಡುತ್ತಿದ್ದರು. ಲಲಿತಕ್ಕ ಒಳಗಿನಿಂದಲೇ ಕುಟುಕುವರು: "ನಾನು ಅಡ್ಗೆಮನೇಲಿಂದ ಕೂಗಿದ್ದೇ ನಿಮಗ್ ಕೇಳ್ಸಲ್ಲ. ನೀವ್ ಕೂಗಿದ್ದು ಅವರಿಗ್ ಕೇಳ್ಸುತ್ತಾ?"

ಆ ನಂಬಿಕೆಗೆ ಏಟು ಬಿದ್ದದ್ದು ಒಂದು ಕ್ರಿಕೆಟ್ ಮ್ಯಾಚಿನ ಸಂಜೆ. ಮೇಷ್ಟ್ರ ಮನೆಯ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ, ಬೀದಿ ತುದಿಯ ಟೀ ಅಂಗಡಿಯಲ್ಲಿ ಹೋ ಎಂದು ಕೂಗು. ಆಮೇಲೆ ನಮ್ಮಲ್ಲಿ ವಿಕೆಟ್ ಬಿತ್ತು. ಮತ್ತೆ ಹಾಗೇ ಆಯಿತು. ಮೇಷ್ಟ್ರು ಟಿವಿಯ ಸದ್ದು ಪೂರ್ತಿ ತಗ್ಗಿಸಿ, ಬಾಗಿಲಲ್ಲಿ ನಿಂತು, ಕಿವಿಯನ್ನು ಅಂಗಡಿಯತ್ತ, ಕಣ್ಣನ್ನು ಪರದೆಯತ್ತ ಇಟ್ಟರು. ಮೂರನೆಯ ಕೂಗು ಬಂದಾಗ ನನ್ನ ಕಡೆ ತಿರುಗಿದರು.

"ಗೀತಮ್ಮ, ಅವರಿಗೆ ಮೊದ್ಲೇ ಗೊತ್ತಾಯ್ತದಲ್ಲ!"

ಅವರದು ಡಿಶ್ಶು, ನಮ್ಮದು ನೆಟ್ಟು, ನೆಟ್ಟಿನಲ್ಲಿ ಎಲ್ಲೆಲ್ಲೋ ಸುತ್ತಿ ಬರುವುದರಿಂದ ಅರ್ಧ ನಿಮಿಷ ತಡವಾಗುತ್ತದೆ ಎಂದು ನನಗೆ ತಿಳಿದಂತೆ ಹೇಳಿದೆ. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು.

"ಅಂದ್ರೆ ನಾನು ಉಷಾರು ಅನ್ನೋ ಒತ್ಗೆ ಅವನು ಔಟಾಗಿ ಪ್ಯಾಡ್ ಬಿಚ್ತಿರ್ತಾನೆ. ಮತ್ಯಾಕೆ ಲೈವ್ ಅಂತ ಬರ್ದವ್ರೆ? ತಂಗಳು ಅಂತ ಬರೀಲಿ. ಅರ್ಧ ನಿಮಿಷದ ತಂಗಳು!"

ನಾನೂ ಲಲಿತಕ್ಕನೂ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ಆವತ್ತು ಊಟ ಮಾಡಲಿಲ್ಲವಂತೆ. ಇಷ್ಟಕ್ಕೆಲ್ಲ ಯಾಕೆ ಇಷ್ಟು ಸಂಕಟ ಎಂದು ಆಗ ನನಗೆ ಹೊಳೆಯಲಿಲ್ಲ. ಪವಿತ್ರಳ ಆಟ ಶುರುವಾದ ಮೇಲೆ ತಿಳಿಯಿತು.

ಪವಿತ್ರ ಹಳ್ಳಿಮೈಸೂರಿನ ಹುಡುಗಿ. ತಾಯಿ ಮಂಜಮ್ಮ ಕೂಲಿ ಮಾಡಿ ಸಾಕಿದ ಒಬ್ಬಳೇ ಮಗಳು. ಮೇಷ್ಟ್ರು ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ಸುಣ್ಣದ ಗೆರೆ ಎಳೆದು ಅವಳಿಗೆ ಕಬಡ್ಡಿ ಕಲಿಸಿದರು. ಗಾಳಿಯ ಹಾಗೆ ನುಗ್ಗುವ ಹುಡುಗಿ, ಆದರೆ ಒಂದು ಕೊರತೆ. ಬಲಗಡೆಯವರ ಮೇಲೆ ಕಣ್ಣಿಟ್ಟಳೆಂದರೆ ಎಡಗಡೆಯಿಂದ ಯಾರು ಬಂದರೂ ಕಾಣುತ್ತಿರಲಿಲ್ಲ. ಗೆರೆಯಾಚೆ ನಿಂತು ಮೇಷ್ಟ್ರು "ಎಡಗಡೆ!" ಎಂದು ಕೂಗುವರು, ಅವಳು ಚಂಗನೆ ಹಿಂದಕ್ಕೆ ಹಾರುವಳು. "ಅವಳಿಗೆ ಎಡಗಣ್ಣಿಲ್ಲ ಕಣವ್ವ, ನಾನೇ ಅವಳ ಎಡಗಣ್ಣು" ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದ್ದರು. ಈಗ ಅವಳು ಹೊರರಾಜ್ಯದಲ್ಲಿ ನಡೆಯುವ ದೊಡ್ಡ ಪಂದ್ಯಾವಳಿಗೆ ಆಯ್ಕೆಯಾಗಿದ್ದಳು. ಆ ಆಟ ಬರುತ್ತಿದ್ದದ್ದು ಒಂದೇ ಒಂದು ಆ್ಯಪಿನಲ್ಲಿ. ಅಷ್ಟು ದೂರದಲ್ಲಿ ಅವಳಿಗೆ ಕೂಗಲು ಯಾರಿದ್ದಾರೆ ಎಂಬುದೇ ಮೇಷ್ಟ್ರ ಚಿಂತೆ.

ಆಟದ ಸಂಜೆ ಮಂಜಮ್ಮ ಹುರಿದ ಕಡ್ಲೆಕಾಯಿ ಕಟ್ಟಿಕೊಂಡು ಬಸ್ಸಿನಲ್ಲಿ ಮೇಷ್ಟ್ರ ಮನೆಗೆ ಬಂದಿದ್ದರು. ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ ಟಿವಿಯ ಮುಂದೆ ನೆಲದ ಮೇಲೇ ಕೂತರು. ಮೇಷ್ಟ್ರು ಮೊದಲೇ ವಿಷಲ್ ಊದಿ ಬೀದಿಯ ಫೋನುಗಳನ್ನೆಲ್ಲ ಕೆಳಗಿಡಿಸಿದ್ದರು. ಆದರೂ ಆಟ ನಿಂತು ನಿಂತು ಓಡುತ್ತಿತ್ತು. ಹಾಗೆ ನಿಂತಾಗಲೆಲ್ಲ ಅದು ಇನ್ನಷ್ಟು ಹಿಂದೆ ಬೀಳುತ್ತದೆಂದು ನನಗೆ ಅರ್ಥವಾದದ್ದು ಆಮೇಲೆ.

ಎರಡನೆಯ ಅರ್ಧದಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ಟಿವಿಯ ಗದ್ದಲದಲ್ಲಿ ಕೇಳಿಸದೆಂದು ಬಾಗಿಲಿಗೆ ಬಂದರು. ನಾನು ಅಲ್ಲೇ ಹೊಸಿಲಲ್ಲಿ ನಿಂತಿದ್ದೆ. ಪವಿತ್ರಳ ಜೊತೆಯ ಆಟಗಾರ್ತಿ, ಅಂಕಣದ ಪಕ್ಕದಿಂದಲೇ ಫೋನು ಮಾಡಿದ್ದಳು. ಅವಳ ಅಳು ನನಗೂ ಕೇಳಿಸಿತು.

"ಸಾ, ಪವಿತ್ರ ಬಿದ್ದೋದ್ಲು ಸಾ! ಎಡಗಡೆಯಿಂದ ಬಂದು ಕೆಡವ್ಬುಟ್ರು. ಕತ್ತು ಮಡಚ್ಕಂಡ್ಬುಡ್ತು. ಏಳ್ತಾ ಇಲ್ಲ ಸಾ, ಅಲ್ಲಾಡ್ತಾನೇ ಇಲ್ಲ!"

ನಾನು ತಿರುಗಿ ನೋಡಿದೆ. ಟಿವಿಯಲ್ಲಿ ಪವಿತ್ರ ನಿಂತಿದ್ದಳು.

ನನ್ನ ತಲೆಯೇ ಓಡಲಿಲ್ಲ. ಫೋನಿನಲ್ಲಿ ಬಿದ್ದು ಏಳದಿದ್ದ ಹುಡುಗಿ ಪರದೆಯ ಮೇಲೆ ಸೊಂಟ ಬಿಗಿದುಕೊಂಡು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ. ಮಂಜಮ್ಮ ಕಡ್ಲೆಕಾಯಿ ಸುಲಿಯುತ್ತಾ ನಗುತ್ತಿದ್ದಾರೆ. ಪವಿತ್ರ ಗೆರೆ ದಾಟಿದಳು. ಮೇಷ್ಟ್ರ ಕೈಯಿಂದ ಫೋನು ಜಾರಿತು. ಒಂದೇ ನೆಗೆತಕ್ಕೆ ಟಿವಿಯ ಮುಂದೆ ಹೋಗಿ, ಗಾಜಿನ ಮೇಲೆ ಎರಡೂ ಅಂಗೈ ಊರಿದರು.

"ಪವಿತ್ರಾ! ಬ್ಯಾಡ! ಎಡಗಡೆ ನೋಡವ್ವಾ! ವಾಪಸ್ ಬಾ! ಬಾ ಅಂದ್ರೆ ಬಾ!"

"ಸಾ ಯಾವಾಗ್ಲೂ ಇಂಗೇಯ. ಗ್ರೌಂಡ್ನಲ್ಲೂ ಇಂಗೇ ಕೂಗೋರು" ಎಂದು ಮಂಜಮ್ಮ ನನ್ನ ಕಡೆ ತಿರುಗಿ ನಕ್ಕರು.

ಅಷ್ಟರಲ್ಲಿ ಆಟ ನಿಂತಿತು. ಪರದೆಯ ನಡುವೆ ಚಕ್ರ. ಅದರ ಹಿಂದೆ ಪವಿತ್ರ, ಒಂದು ಕಾಲು ಮೇಲೆತ್ತಿ, ಮುಖ ನಮ್ಮ ಕಡೆಗೆ. ಅವಳ ಹತ್ತಿರ ಯಾರೂ ಇರಲಿಲ್ಲ.

"ಅಯ್ಯೋ, ನಿಂತೋಯ್ತಲ್ಲ. ಗೀತಕ್ಕ, ವಸಿ ಸರಿ ಮಾಡ್ರಕ್ಕ" ಎಂದರು ಮಂಜಮ್ಮ.

ಬುದ್ಧಿ ಕೆಟ್ಟಿತ್ತು, ಕೈ ತನ್ನ ಅಭ್ಯಾಸದಂತೆ ಪ್ಲಗ್ಗಿಗೆ ಹೋಯಿತು. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದರು.

"ಮುಟ್ಬ್ಯಾಡ."

"ಸಾ..."

"ಮುಟ್ಬ್ಯಾಡ ಕಣವ್ವ. ಅಂಗೇ ಇರ್ಲಿ."

ಟಿವಿ ಕ್ಷಣ ನಿಂತರೂ ಬೀದಿಯನ್ನೇ ಎಬ್ಬಿಸುತ್ತಿದ್ದ ಮನುಷ್ಯ ಇದನ್ನು ಹೇಳಿದರು! ಆಮೇಲೆ ಮಂಜಮ್ಮನ ಪಕ್ಕ ನೆಲದ ಮೇಲೆ ಕೂತು, ಅವರ ಮಡಿಲಲ್ಲಿದ್ದ ಕಡ್ಲೆಕಾಯಿಯ ಗಂಟನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಫೋನಿನಲ್ಲಿ ಕೇಳಿದ್ದನ್ನು ಹೇಳಿದರು. ಮಂಜಮ್ಮ ಅವರ ಮುಖ ನೋಡಿದರು, ಟಿವಿ ನೋಡಿದರು.

"ಸುಳ್ಳು ಸಾ. ಅಲ್ಲೇ ನಿಂತವ್ಳಲ್ಲ."

ಈ ಮಾತು ನೆನಪಾದರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ. ಮೇಷ್ಟ್ರನ್ನೂ ಮಂಜಮ್ಮನನ್ನೂ ಬಾಡಿಗೆ ಕಾರು ಹತ್ತಿಸಿ ಪವಿತ್ರಳ ಹತ್ತಿರ ಕಳಿಸಿದ ಮೇಲೂ ಪರದೆ ಹಾಗೇ ಇತ್ತು. ಲಲಿತಕ್ಕ ಬಂದು ಮೇನ್ ಸ್ವಿಚ್ಚನ್ನೇ ಆರಿಸಿದರು.

ಪವಿತ್ರ ಬದುಕಿದಳು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಗೋಡೆ ಹಿಡಿದು ನಡೆಯುವಷ್ಟಾದಳು. ಎಡಗೈಯ ಬೆರಳು ಮಡಚಲು ಬರುವುದಿಲ್ಲ. ಆಟ ಮುಗಿಯಿತೆಂದು ಡಾಕ್ಟರು ಹೇಳಿದರು. ಮೇಷ್ಟ್ರು ವಾಪಸ್ ಬಂದವರು ಮೈದಾನಕ್ಕೂ ಹೋಗಲಿಲ್ಲ, ಟಿವಿಯನ್ನೂ ಹಾಕಲಿಲ್ಲ. ಆವತ್ತಿನ ಆಟ ಆ್ಯಪಿನಲ್ಲಿ ಹಾಗೇ ಇತ್ತು, ಯಾವಾಗ ಬೇಕಾದರೂ ನೋಡಬಹುದಿತ್ತು. ಆ ಮಾತೆತ್ತಿದರೆ ಎದ್ದು ಹೋಗುವರು. ಜಗಲಿಯಲ್ಲಿ ಕೂತು ಒಂದನ್ನೇ ತಿರುಗಿಸಿ ಮುರುಗಿಸಿ ಆಡುತ್ತಿದ್ದರು: "ಒಸಿ ಮೊದ್ಲೇ ತೋರ್ಸಿದ್ರೆ ಕರ್ಕಂಡ್ಬುಡ್ತಿದ್ದೆ ಕಣವ್ವ."

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಮೊದ್ಲೇ ತೋರ್ಸಿದ್ರೂ ನೀವಿಲ್ಲಿ ಕೂಗಿದ್ದು ಅಲ್ಲಿಗೆಂಗ್ ಕೇಳುತ್ತೆ ಸಾ?" ಎಂದು ರೇಗಿದೆ.

"ಗೊತ್ತು" ಎಂದರು. "ಗೊತ್ತಿದ್ಬುಟ್ರೆ ಆಯ್ತಾ?"

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಅರಕಲಗೂಡಿಗೆ ನೆಂಟರ ಮದುವೆಗೆಂದು ಹೋದವರು, ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದ ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಲಲಿತಕ್ಕನ ಫೋನಿಗೆ ಸುದ್ದಿ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರಟು ತೊಟ್ಟು ನನ್ನ ಕಣ್ಣ ಮುಂದೆಯೇ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗಿದ್ದ ಮನುಷ್ಯ. ನಂಬುವುದು ಹೇಗೆ?

ಅವರ ಜೊತೆ ನಾನು ಕೊನೆಯದಾಗಿ ಕೂತು ಮಾತಾಡಿದ್ದು ಅದಕ್ಕೆ ಹಿಂದಿನ ವಾರ, ಪವಿತ್ರ ಬಂದ ದಿನ. ಕತ್ತಿಗೆ ಬೆಲ್ಟು ಕಟ್ಟಿಕೊಂಡು, ಅವ್ವನ ಭುಜ ಹಿಡಿದು ಮೆಟ್ಟಿಲು ಹತ್ತಿದಳು. ಮೇಷ್ಟ್ರು ಅವಳ ಮುಖ ನೋಡಲಾರದೆ ಅವಳ ಕಾಲನ್ನೇ ನೋಡುತ್ತಾ ಕೂತರು. ಲಲಿತಕ್ಕ ಕಾಫಿ ತಂದಿಟ್ಟರು, ಯಾರೂ ಲೋಟ ಮುಟ್ಟಲಿಲ್ಲ.

"ನಾನು ಕೂಗ್ದೆ ಕಣವ್ವ" ಎಂದರು ಮೇಷ್ಟ್ರು ಕೊನೆಗೆ. "ವಾಪಸ್ ಬಾ ಅಂತ ಕೂಗ್ದೆ."

"ಅವ್ವ ಯೋಳ್ತು ಸಾ." ಪವಿತ್ರಳ ದನಿಯಲ್ಲಿ ಅಳುವಿರಲಿಲ್ಲ. "ನೀವ್ ಕೂಗ್ದೆ ಇದ್ರೂ ನಾನು ಎಡಗಡೆ ನೋಡ್ದೆ ಸಾ. ಅವ್ಳು ಬರೋದು ಕಾಣ್ತು. ಕಂಡೇ ತಿರುಗ್ದೆ. ನನ್ ಕಾಲ್ ಇಡ್ಕಂಡ್ಲು, ಬುಡ್ಲಿಲ್ಲ, ಅವಳ್ನೂ ಎಳ್ಕಂಡೇ ಬಂದೆ. ಬಿದ್ದಾಗ ನನ್ ಕೈ ಗೆರೆ ದಾಟಿ ನಮ್ ಕಡೆ ಇತ್ತು ಸಾ. ನಮಗೇ ಪಾಯಿಂಟ್ ಕೊಟ್ರು!"

ಮೇಷ್ಟ್ರು ತಲೆಯೆತ್ತಿದರು.

"ಯಾಕ್ ಸಾ, ನೀವ್ ನೋಡ್ಲಿಲ್ವಾ?"

ಮೇಷ್ಟ್ರು ಒಮ್ಮೆ ಒಳಗಿನ ಟಿವಿಯ ಕಡೆ ನೋಡಿದರು.

"ಇಲ್ಲ ಕಣವ್ವ" ಎಂದರು. "ನಮ್ಮನೇಲಿ ಅಷ್ಟೊತ್ಗೆ ನಿಂತೋಗಿತ್ತು."